ನೀರು ಶುದ್ಧೀಕರಣ ಘಟಕದ ಕ್ಲೋರಿನ್: ನೆರೆಮನೆಯವರಿಗೂ ತಿಳಿಸಿ

ಮಾನ್ಯ ಸಂಪಾದಕರೇ,

ಪಟ್ಟಣಗಳ ನೀರು ಶುದ್ಧೀಕರಣ ಘಟಕಗಳಲ್ಲಿ ತಲಾ 900 ಕಿಲೋ ಕ್ಲೋರಿನ್ ತುಂಬಿದ, ಟನ್ನರ್ ಎಂಬ ದೊಡ್ಡ ಉಕ್ಕಿನ ಸಿಲಿಂಡರ್‌ಗಳು ಇರುತ್ತವೆ ಎಂಬುದು, ಅದೇ ಘಟಕದ ಕಾಂಪೌಂಡಿಗೆ ಒತ್ತಿಕೊಂಡಂತೆ ಮನೆ ಕಟ್ಟಿಕೊಂಡಿರುವ ಎಷ್ಟೋ ಕುಟುಂಬಗಳಿಗೆ ಗೊತ್ತಿಲ್ಲ. ಇಂಥ ಘಟಕವೊಂದರ ಕ್ಲೋರಿನ್ ಕೊಠಡಿಯಲ್ಲಿ ಬಹುಕಾಲ ಪಾಳಿಯ ಮೇಲೆ ದುಡಿದು ನಿವೃತ್ತನಾದ ನಾನು, ಆ ಕುಟುಂಬಗಳ ಪರವಾಗಿಯೂ ಈಗ ಅಲ್ಲಿ ರಾತ್ರಿ ಪಾಳಿ ಮಾಡುತ್ತಿರುವ ಗುತ್ತಿಗೆ ನೌಕರರ ಪರವಾಗಿಯೂ ಈ ಪತ್ರ ಬರೆಯುತ್ತಿದ್ದೇನೆ.

ಕ್ಲೋರಿನ್ ಇಲ್ಲದೆ ಊರಿಗೆ ಸುರಕ್ಷಿತ ನೀರು ಕೊಡುವುದು ಕಷ್ಟ. ಕಾಲರಾ, ವಿಷಮಶೀತಜ್ವರಗಳನ್ನು ನಲ್ಲಿಯಿಂದ ದೂರವಿಟ್ಟದ್ದು ಅದೇ. ಆದರೆ ಅದು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದ ಅನಿಲ. ಸೋರಿದಾಗ ಹೊಗೆಯಂತೆ ಮೇಲೇರದೆ, ಹಸಿರು ಬೆರೆತ ಹಳದಿ ಬಣ್ಣದಲ್ಲಿ ನೆಲಕ್ಕಂಟಿಕೊಂಡು ಚರಂಡಿ, ಹಳ್ಳ, ನೆಲಮಾಳಿಗೆ, ತಗ್ಗಿನಲ್ಲಿರುವ ಗುಡಿಸಲು, ಹೀಗೆ ಇಳಿಜಾರು ಸಿಕ್ಕಲ್ಲೆಲ್ಲ ಹರಿಯುತ್ತದೆ. ಟನ್ನರ್ ಒಳಗೆ ಅದು ಒತ್ತಡದಲ್ಲಿರುವ ದ್ರವ. ಒಂದು ಲೀಟರ್ ದ್ರವ ಹೊರಬಿದ್ದರೆ ನಾನೂರು ಲೀಟರಿಗೂ ಹೆಚ್ಚು ಅನಿಲವಾಗುತ್ತದೆ. ಆದ್ದರಿಂದಲೇ ಟನ್ನರ್ ಮಲಗಿಸುವಾಗ ಎರಡು ವಾಲ್ವ್‌ಗಳೂ ಒಂದರ ಮೇಲೊಂದು ಬರುವಂತೆ ನೋಡಿಕೊಳ್ಳುತ್ತೇವೆ. ಮೇಲಿನದರಿಂದ ಅನಿಲ, ಕೆಳಗಿನದರಿಂದ ದ್ರವ ಬರುತ್ತದೆ. ಸೋರಿಕೆಯಾದಾಗ ಸಾಧ್ಯವಿದ್ದರೆ ಸೋರುವ ಭಾಗ ಮೇಲೆ ಬರುವಂತೆ ಸಿಲಿಂಡರನ್ನು ಹೊರಳಿಸಬೇಕೆನ್ನುವುದೂ ಇದೇ ಕಾರಣಕ್ಕೆ.

ಹೊಸಬರು ಮಾಡುವ ದೊಡ್ಡ ತಪ್ಪೆಂದರೆ ಸೋರುವ ಜಾಗಕ್ಕೆ ನೀರು ಹಾಯಿಸುವುದು. ನೀರು ಸೇರಿದ ಕ್ಲೋರಿನ್ ಆಮ್ಲವಾಗಿ ಉಕ್ಕನ್ನೇ ತಿನ್ನುತ್ತದೆ. ಸೂಜಿಮೊನೆಯಷ್ಟಿದ್ದ ರಂಧ್ರ ನೋಡನೋಡುತ್ತಲೇ ಅಗಲವಾಗುತ್ತದೆ. ಸೋರಿಕೆ ಎಲ್ಲಿದೆ ಎಂದು ಹುಡುಕಲು ಅಮೋನಿಯಾ ದ್ರಾವಣದಲ್ಲಿ ಅದ್ದಿದ ಬಟ್ಟೆಯನ್ನು ಕೋಲಿನ ತುದಿಗೆ ಕಟ್ಟಿ ಹತ್ತಿರ ಹಿಡಿದರೆ ಸಾಕು, ದಟ್ಟ ಬಿಳಿ ಹೊಗೆ ಏಳುತ್ತದೆ. ಸಿಲಿಂಡರ್ ಜೋಡಿಸುವಾಗ ಪ್ರತಿ ಸಲವೂ ಹೊಸ ವಾಷರ್ ಹಾಕಬೇಕು. ಇಷ್ಟು ಸಣ್ಣ ವಿಷಯಕ್ಕೆ ಪತ್ರಿಕೆಯ ಜಾಗ ಬೇಕೇ ಎಂದು ಓದುಗರಿಗೆ ಅನ್ನಿಸಬಹುದು. ಆದರೆ ನಮ್ಮ ಘಟಕದಲ್ಲಿ ಒಂದು ರಾತ್ರಿ ಹೊಸ ವಾಷರ್ ದಾಸ್ತಾನಿಲ್ಲವೆಂದು ಹಳೆಯದನ್ನೇ ತಿರುಗಿಸಿ ಹಾಕಿದ್ದರಿಂದಲೇ ಅನಿಲ ಸೋರಿತು. ಮುಖಕವಚವಿದ್ದ ಬೀರು ಕ್ಲೋರಿನ್ ಕೊಠಡಿಯ ಒಳಗಿತ್ತು, ಅದರ ಕೀಲಿಕೈ ಮೇಲಧಿಕಾರಿಯ ಮನೆಯಲ್ಲಿತ್ತು. ನನ್ನ ಜೊತೆಗಾರ ಒದ್ದೆ ಟವೆಲ್ಲನ್ನು ಮೂಗಿಗೆ ಕಟ್ಟಿಕೊಂಡು ಒಳಗೆ ಹೋಗಿ ವಾಲ್ವ್ ಬಂದ್ ಮಾಡಿ ಬಂದ. ಸ್ವಲ್ಪ ಕೆಮ್ಮಿ, ಕಣ್ಣೊರೆಸಿಕೊಂಡು, ಏನೂ ಆಗಿಲ್ಲವೆಂದು ಸೈಕಲ್ ಹತ್ತಿ ಮನೆಗೆ ಹೋದ. ಬೆಳಗಿನ ಜಾವದ ಹೊತ್ತಿಗೆ ಶ್ವಾಸಕೋಶದಲ್ಲಿ ನೀರು ತುಂಬಿ ಆಸ್ಪತ್ರೆ ಸೇರಿದ. ಜೀವ ಉಳಿಯಿತು, ಆದರೆ ಅವನು ಮತ್ತೆಂದೂ ಒಂದು ಮಹಡಿಯ ಮೆಟ್ಟಿಲನ್ನು ನಿಲ್ಲದೆ ಹತ್ತಲಿಲ್ಲ.

ಕ್ಲೋರಿನ್ನಿನ ಈ ಗುಣವನ್ನು ಆಸ್ಪತ್ರೆಯವರಿಗೂ ಮನೆಯವರಿಗೂ ಒತ್ತಿ ಹೇಳಬೇಕಾಗಿದೆ. ಹೆಚ್ಚು ಅನಿಲ ಉಸಿರಾಡಿದವರು ಮೊದಲು ಚೆನ್ನಾಗಿಯೇ ಇದ್ದಂತೆ ಕಂಡು, ಕೆಲವು ಗಂಟೆಗಳ ನಂತರ ಉಸಿರುಗಟ್ಟಬಹುದು. ಇದಕ್ಕೆ ಪ್ರತಿವಿಷವಿಲ್ಲ, ಆಮ್ಲಜನಕ ಕೊಟ್ಟು, ವೈದ್ಯರ ನಿಗಾದಲ್ಲಿಟ್ಟು ಕಾಯಬೇಕು. ಕಣ್ಣು, ಚರ್ಮಕ್ಕೆ ತಾಗಿದ್ದರೆ ಕನಿಷ್ಠ 15 ನಿಮಿಷ ಧಾರಾಳ ನೀರಿನಲ್ಲಿ ತೊಳೆಯಬೇಕು.

ಕಾನೂನಿನ ಒಂದು ಸಂದಿಯನ್ನೂ ತಮ್ಮ ಗಮನಕ್ಕೆ ತರಬೇಕು. ಅಪಾಯಕಾರಿ ರಾಸಾಯನಿಕಗಳ ಕುರಿತ 1989ರ ಕೇಂದ್ರ ನಿಯಮಗಳಲ್ಲಿ ತುರ್ತು ಯೋಜನೆ, ನೆರೆಹೊರೆಯವರಿಗೆ ಮಾಹಿತಿ ಮುಂತಾದ ಹೊಣೆಗಳು ಕ್ಲೋರಿನ್ ಸಂಗ್ರಹ 10 ಟನ್ ಮುಟ್ಟಿದಾಗ ಅನ್ವಯವಾಗುತ್ತವೆ. ಸಣ್ಣ ಪಟ್ಟಣದ ಘಟಕದಲ್ಲಿರುವ ನಾಲ್ಕೈದು ಟನ್ನರ್‌ಗಳು ಆ ಮಿತಿಯನ್ನು ಮುಟ್ಟುವುದೇ ಇಲ್ಲ. ಆದರೆ ಗೋಡೆಯಾಚೆ ಮಲಗಿರುವ ಮಗುವಿಗೆ ಒಂದೇ ಟನ್ನರ್ ಸಾಕಲ್ಲವೇ?

ಬಳಕೆಯಿಲ್ಲದೆ ಮೂಲೆ ಸೇರಿದ ಹಳೆಯ ಸಿಲಿಂಡರ್‌ಗಳದ್ದು ಇನ್ನೂ ದೊಡ್ಡ ಚಿಂತೆ. 2010ರ ಜುಲೈನಲ್ಲಿ ಮುಂಬಯಿಯ ಶಿವಡಿ ಬಂದರು ಪ್ರದೇಶದಲ್ಲಿ ವರ್ಷಗಟ್ಟಲೆ ವಾರಸುದಾರರಿಲ್ಲದೆ ಬಿದ್ದಿದ್ದ ಸಿಲಿಂಡರ್‌ಗಳಲ್ಲೊಂದರಿಂದ ಕ್ಲೋರಿನ್ ಸೋರಿ ಹಲವಾರು ಜನ ಆಸ್ಪತ್ರೆ ಸೇರಿದರು. ಖಾಲಿಯಾಗಿದೆ ಎನ್ನುವ ಸಿಲಿಂಡರಿನಲ್ಲೂ ಅನಿಲ ಉಳಿದಿರುತ್ತದೆ. ಅದು ಗುಜರಿ ಅಂಗಡಿಗೆ ಹೋಗಿ ಗ್ಯಾಸ್ ಕಟ್ಟರ್‌ಗೆ ಸಿಕ್ಕಿದರೆ ಆಗುವುದನ್ನು ಊಹಿಸಲು ನನಗೆ ಭಯವಾಗುತ್ತದೆ.

ಆದ್ದರಿಂದ ನಗರಸಭೆ, ಪುರಸಭೆಗಳ ಆಡಳಿತದವರಲ್ಲಿ ನನ್ನ ಕೋರಿಕೆ ಇಷ್ಟು. ಪ್ರತಿ ಘಟಕದ ಸಿಲಿಂಡರ್‌ಗಳನ್ನು ಎಣಿಸಿ, ಪರೀಕ್ಷೆಯ ಅವಧಿ ಮೀರಿದವನ್ನೂ ಖಾಲಿಯಾದವನ್ನೂ ತುಂಬಿಕೊಟ್ಟ ಕಂಪನಿಗೇ ಹಿಂದಿರುಗಿಸಬೇಕು. ಸ್ವಂತ ಗಾಳಿ ಸಿಲಿಂಡರ್ ಇರುವ ಉಸಿರಾಟದ ಉಪಕರಣ ಕನಿಷ್ಠ ಎರಡು ಜೊತೆ, ಬೀಗವಿಲ್ಲದೆ, ಕ್ಲೋರಿನ್ ಕೊಠಡಿಯ ಹೊರಗೆ ಇರಬೇಕು. ಒಬ್ಬನೇ ನೌಕರನನ್ನು ರಾತ್ರಿ ಪಾಳಿಗೆ ಬಿಡಬಾರದು. ಟನ್ನರ್ ಎತ್ತುವ ಸರಪಳಿ, ಹಗ್ಗಗಳ ತಪಾಸಣೆ ಕಾಗದದ ಮೇಲಷ್ಟೇ ಆಗಬಾರದು. 2022ರ ಜೂನ್‌ನಲ್ಲಿ ಜೋರ್ಡನ್‌ನ ಅಕಾಬಾ ಬಂದರಿನಲ್ಲಿ 13 ಜನ ಸತ್ತದ್ದು ಕ್ಲೋರಿನ್ ಟ್ಯಾಂಕ್ ಎತ್ತುತ್ತಿದ್ದ ಕ್ರೇನಿನ ಹಗ್ಗ ಕಡಿದು. ಸಣ್ಣ ಊರುಗಳಲ್ಲಿ ಅನಿಲದ ಬದಲು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ಬಳಸುವ ಸಾಧ್ಯತೆಯನ್ನೂ ಪರಿಶೀಲಿಸಬೇಕು.

ಘಟಕದ ಸುತ್ತಲಿನ ಮನೆಗಳವರನ್ನು ವರ್ಷಕ್ಕೊಮ್ಮೆಯಾದರೂ ಕರೆದು ಕೂರಿಸಿ, ಸೈರನ್ ಕೂಗಿದರೆ ಗಾಳಿ ಬೀಸುವ ದಿಕ್ಕಿಗೆ ಓಡದೆ, ಅದಕ್ಕೆ ಅಡ್ಡಲಾಗಿ ಸರಿದು ಎತ್ತರದ ಜಾಗ ಸೇರಬೇಕೆಂದು, ಹೊರಬರಲಾಗದವರು ಕಿಟಕಿ ಬಾಗಿಲು ಮುಚ್ಚಿ ಮೇಲಿನ ಮಹಡಿಗೆ ಹೋಗಬೇಕೆಂದು ಹೇಳಿಕೊಡಬೇಕು. ಗಾಳಿಯ ದಿಕ್ಕು ಎಲ್ಲರಿಗೂ ಕಾಣುವಂತೆ ನೀರಿನ ಟ್ಯಾಂಕಿನ ಮೇಲೆ ಒಂದು ಬಟ್ಟೆಯ ಚೀಲ ಕಟ್ಟಲು ಯಾವ ಟೆಂಡರೂ ಬೇಕಿಲ್ಲ.

ಇಂತಿ,
ನಿವೃತ್ತ ನೀರು ಶುದ್ಧೀಕರಣ ಘಟಕ ನಿರ್ವಾಹಕ