ಕುಕೀ ಮೇಜಿನ ಬಳಿ ನಿಂತ ಹಿರಿಯರಿಗೆ

ಓಹಾಯೋದ ಕೊಲಂಬಸ್‌ನಲ್ಲಿ, ದಿನಸಿ ಅಂಗಡಿಯ ಮುಂದೆ ಗರ್ಲ್ ಸ್ಕೌಟ್ ಕುಕೀ (ಸ್ಕೌಟ್ ಹುಡುಗಿಯರು ತಂಡದ ಖರ್ಚಿಗೆಂದು ಮಾರುವ ಬಿಸ್ಕತ್ತು) ಮಾರುತ್ತಿದ್ದ ನನ್ನ ಮಗಳಿಗೆ ನೆರವಾದ ಅಮ್ಮನವರೇ, ಹೆಸರು ಕೇಳುವಷ್ಟರಲ್ಲಿ ನೀವು ಹೊರಟುಹೋಗಿದ್ದಿರಿ. ಹೊಸಬರ ಮುಂದೆ ಅವಳಿಗೆ ಮಾತೇ ಹೊರಡುವುದಿಲ್ಲ. ನಮ್ಮ ಕನ್ನಡ ಕಿವಿಗೆ ಬಿದ್ದು ನೀವು ಹತ್ತಿರ ಬಂದು, “ಯಾವುದರಲ್ಲಿ ಮೊಟ್ಟೆ ಇಲ್ಲ, ಪುಟ್ಟಿ?” ಎಂದು ಕೇಳಿದಿರಿ. ಥಿನ್ ಮಿಂಟ್ಸ್ ಎಂಬ ಕುಕೀಯಲ್ಲಿ ಮೊಟ್ಟೆಯೂ ಇಲ್ಲ, ಹಾಲೂ ಇಲ್ಲ ಎಂದಳು. “ಇದನ್ನೇ ಮುಂದಿನವರಿಗೂ ಹೇಳು” ಎಂದು ಆ ಚಳಿಯಲ್ಲಿ ಪಕ್ಕದಲ್ಲೇ ನಿಂತಿರಿ. ಆಮೇಲೆ ಅವಳ ದನಿ ಅಡಗಲಿಲ್ಲ.

1917ರಲ್ಲಿ ಒಕ್ಲಹೋಮಾದ ಹುಡುಗಿಯರು ತಾವೇ ಬೇಯಿಸಿ ಮಾರಿದ ಕುಕೀಗಳಿಂದ ಬೆಳೆದ ಪದ್ಧತಿಯಿದು. ಮಕ್ಕಳ ಪಾಲನ್ನು ಹೆತ್ತವರೇ ಕಚೇರಿಯಲ್ಲಿ ಮಾರಿಬಿಡುವುದು ನನಗೆ ಒಪ್ಪಿಗೆಯಿಲ್ಲ. ನೀವು ಅವಳಿಂದಲೇ ಮಾರಿಸಿದಿರಿ. ಆ ಹಣದಲ್ಲಿ ಅವಳ ತಂಡ ಬೇಸಿಗೆ ಶಿಬಿರಕ್ಕೆ ಹೊರಟಿದೆ. ಮನೆಮಂದಿಯೆಲ್ಲರ ನಮಸ್ಕಾರ ನಿಮಗೆ.