ಮಣ್ಣಿನ ಟ್ರ್ಯಾಕಿನ ಕಥೆ

ಆಗಸ್ಟ್ ಕೊನೆ ಹತ್ತಿರ ಬಂತೆಂದರೆ ಮಿನ್ನೆಸೋಟದ ನಮ್ಮ ಮನೆಗಳಲ್ಲೂ ಸ್ಟೇಟ್ ಫೇರ್, ಅಂದರೆ ರಾಜ್ಯದ ದೊಡ್ಡ ಮೇಳದ ಮಾತು ಶುರು. ಯಾವತ್ತು ಹೋಗೋಣ, ಕಾರು ಎಲ್ಲಿ ನಿಲ್ಲಿಸೋಣ, ಗ್ರ್ಯಾಂಡ್‌ಸ್ಟ್ಯಾಂಡಿನಲ್ಲಿ (ಪ್ರೇಕ್ಷಕರು ಕೂರುವ ದೊಡ್ಡ ಗ್ಯಾಲರಿ) ಯಾರು ಹಾಡುತ್ತಾರೆ. ಅದೇ ಗ್ರ್ಯಾಂಡ್‌ಸ್ಟ್ಯಾಂಡ್ ಎದುರು ಒಂದು ಕಾಲಕ್ಕೆ ಮಣ್ಣಿನ ಟ್ರ್ಯಾಕ್ ಇತ್ತು. ಈ ಸಲ ಅದರ ಬಗ್ಗೆಯೇ ಬರೆಯುತ್ತಿದ್ದೇನೆ.

1859ರಲ್ಲಿ ಶುರುವಾದ ಈ ಮೇಳಕ್ಕೆ ಬಹಳ ವರ್ಷ ಸ್ವಂತ ಜಾಗ ಇರಲಿಲ್ಲ. 1885ರಲ್ಲಿ ರಾಮ್ಸಿ ಕೌಂಟಿ ತನ್ನ 210 ಎಕರೆ ಜಮೀನು ಬಿಟ್ಟುಕೊಟ್ಟಿತು. ರೈತರ ಮೇಳದಲ್ಲಿ ಓಟದ ಟ್ರ್ಯಾಕ್ ಯಾಕೆ ಅಂತೀರಾ? ಆಗ ಹೊಲಕ್ಕೂ ಗಾಡಿಗೂ ಕುದುರೆಯೇ ಬೇಕಿತ್ತು. ಒಳ್ಳೆಯ ತಳಿ ಯಾವುದು ಅಂತ ಓಡಿಸಿಯೇ ನೋಡುತ್ತಿದ್ದರು.

ಆ ಮಣ್ಣಿನಲ್ಲಿ ಹೆಸರು ಮಾಡಿದ್ದು ಡ್ಯಾನ್ ಪ್ಯಾಚ್. ಎರಡು ಚಕ್ರದ ಹಗುರ ಗಾಡಿ ಎಳೆದುಕೊಂಡು, ಒಂದು ಪಕ್ಕದ ಎರಡೂ ಕಾಲು ಒಟ್ಟಿಗೆ ಹಾಕುತ್ತಾ ಓಡುವ ಕುದುರೆ. ಮಿನಿಯಾಪೊಲಿಸ್ ವ್ಯಾಪಾರಿ ಮೇರಿಯನ್ ಸ್ಯಾವೇಜ್ 1902ರಲ್ಲಿ 60,000 ಡಾಲರ್ ಕೊಟ್ಟು ಅದನ್ನು ಕೊಂಡಿದ್ದರು. ಅದರ ಜೊತೆ ಪಂದ್ಯಕ್ಕೆ ಇಳಿಯಲು ಯಾರೂ ಒಪ್ಪದೆ, ಕೊನೆಗೆ ಅದೊಂದನ್ನೇ ಓಡಿಸಿ ಗಡಿಯಾರದಲ್ಲಿ ಸಮಯ ಅಳೆಯಬೇಕಾಯಿತು. 1906ರ ಸೆಪ್ಟೆಂಬರ್ 8ರಂದು ಇಲ್ಲಿ ಸುಮಾರು 93,000 ಜನರ ಮುಂದೆ ಅದು ಒಂದು ಮೈಲಿಯನ್ನು 1 ನಿಮಿಷ 55 ಸೆಕೆಂಡಿನಲ್ಲಿ ಮುಗಿಸಿತು. ಗಂಟೆಗೆ ಸುಮಾರು 50 ಕಿಲೋಮೀಟರ್ ವೇಗ! ಗಾಳಿ ತಡೆಯಲು ಮುಂದೆ ಇನ್ನೊಂದು ಕುದುರೆ ಓಡಿಸಿದ್ದರೆಂದು ಅದನ್ನು ಅಧಿಕೃತ ದಾಖಲೆ ಎಂದು ಒಪ್ಪಲಿಲ್ಲ. ನನಗಂತೂ ಇದು ಅನ್ಯಾಯ ಅನ್ನಿಸುತ್ತದೆ. ಓಡಿದ್ದು ಅದರ ಕಾಲೇ ಅಲ್ವಾ?

1916ರ ಜುಲೈ 11ರಂದು ಡ್ಯಾನ್ ಪ್ಯಾಚ್ ಸತ್ತಿತು. ಮರುದಿನವೇ ಸ್ಯಾವೇಜ್ ಕೂಡ ತೀರಿಕೊಂಡರು. ನಮ್ಮ ಸದಸ್ಯರು ಕೆಲವರು ಮನೆ ಮಾಡಿರುವ ಸ್ಯಾವೇಜ್ ಊರಿಗೆ ಇವರದೇ ಹೆಸರು.

ಕುದುರೆಗಳ ಹಿಂದೆಯೇ ಕಾರುಗಳು ಬಂದವು. ಮಣ್ಣಿನ ತಿರುವಿನಲ್ಲಿ ಕಾರು ಅಡ್ಡಡ್ಡ ಜಾರುತ್ತದೆ. ಬಿಗಿಯಾಗಿ ಹಿಡಿದರೆ ಆಗುವುದಿಲ್ಲ, ಜಾರಲು ಬಿಟ್ಟೇ ತಿರುಗಿಸಬೇಕು. ಆ ಕೈಚಳಕ ನೋಡಲು ಜನ ಧೂಳು ಕುಡಿದುಕೊಂಡು ಕೂರುತ್ತಿದ್ದರು. 1960ರ ದಶಕದಲ್ಲಿ ಟ್ರ್ಯಾಕಿಗೆ ಡಾಂಬರು ಬಿತ್ತು. 2002ಕ್ಕೆ ಓಟವೇ ನಿಂತಿತು. ಹಾಡು, ಕುಣಿತ ಎಲ್ಲ ಊರಲ್ಲೂ ಸಿಗುತ್ತವೆ. ಇಂಥ ಓಟ ಸಿಗುವ ಜಾಗ ಕಡಿಮೆಯಾಗುತ್ತಿದೆ, ಅದೇ ನನಗೆ ಬೇಜಾರು.

2002ಕ್ಕೆ ಮುಂಚೆ ಅಲ್ಲಿ ಓಟ ನೋಡಿದವರು ನಮ್ಮಲ್ಲಿ ಯಾರಾದರೂ ಇದ್ದರೆ ದಯವಿಟ್ಟು ನಾಲ್ಕು ಸಾಲು ಬರೆದು ಕಳಿಸಿ. ಹಳೆಯ ಫೋಟೋ ಇದ್ದರೆ ಇನ್ನೂ ಒಳ್ಳೆಯದು. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.