ಹುದ್ದೆಯ ಹೆಸರಿನ ಕೆಳಗೆ ಏನಿದೆ ಅಂತ ನೋಡು

ಪ್ರೀತಿಯ ಪುಟ್ಟಿ,

ನಿನ್ನ ಮೇಲ್ ಬಂತು. ಎರಡು ಸಲ ಓದಿದೆ. ಎಂಟು ವರ್ಷ ಸ್ವಯಂಸೇವಾ ಸಂಸ್ಥೆಗಳ ಬೇರೆ ಬೇರೆ ಪ್ರಾಜೆಕ್ಟ್‌ಗಳಲ್ಲಿ ದುಡಿದಿದ್ದೀಯ. ಈಗ ಪ್ರೋಗ್ರಾಂ ಡೈರೆಕ್ಟರ್ ಹುದ್ದೆಗೆ ಅರ್ಜಿ ಹಾಕಲಾ ಅಂತ ಕೇಳಿದ್ದೀಯ. "ದೊಡ್ಡಮ್ಮ, ನನಗೆ ಅಷ್ಟು ಯೋಗ್ಯತೆ ಇದೆಯಾ?" ಅಂತಲೂ ಬರೆದಿದ್ದೀಯ. ಯೋಗ್ಯತೆ ಇದೆ ಕಣೇ. ಅದರಲ್ಲಿ ನನಗೆ ಅನುಮಾನವೇ ಇಲ್ಲ. ನನ್ನ ಚಿಂತೆ ಬೇರೆ. ಹುದ್ದೆಯ ಹೆಸರು ನೋಡಿದ ಖುಷಿಯಲ್ಲಿ, ಅದರ ಕೆಳಗೆ ಏನಿದೆ ಅಂತ ನೋಡದೆ ಒಪ್ಪಿಕೊಂಡುಬಿಡುತ್ತೀಯೇನೋ ಅಂತ. ನಾನು ಒಂದು ಸಲ ಹಾಗೆ ಮಾಡಿದ್ದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಕೆಲಸದ ಮಾತು. ಪ್ರಾಜೆಕ್ಟ್ ಮ್ಯಾನೇಜರ್ ಆಗಿದ್ದಾಗ ನಿನ್ನ ಕೈಯಲ್ಲಿ ಒಂದು ಕೆಲಸ, ಒಂದು ಬಜೆಟ್, ಒಂದು ತಂಡ ಇರುತ್ತದೆ. ಡೈರೆಕ್ಟರ್ ಆದ ಮೇಲೆ ಅಂಥ ನಾಲ್ಕೋ ಆರೋ ಪ್ರಾಜೆಕ್ಟ್‌ಗಳು ಒಟ್ಟಿಗೆ ನಿನ್ನ ಮೇಜಿಗೆ ಬರುತ್ತವೆ. ಒಂದೊಂದಕ್ಕೂ ಹಣ ಕೊಡುವವರು ಬೇರೆ, ರಿಪೋರ್ಟ್ ತಾರೀಖು ಬೇರೆ, ನಿಯಮ ಬೇರೆ. ಕೆಲಸವನ್ನು ನೀನೇ ಕೈಯಾರೆ ಮಾಡುವುದು ಕಡಿಮೆಯಾಗುತ್ತದೆ. ಮಾಡುವವರ ಮಾತು ಕೇಳುವುದು ಜಾಸ್ತಿಯಾಗುತ್ತದೆ. ಈ ಬದಲಾವಣೆ ಎಷ್ಟೋ ಒಳ್ಳೆ ಕೆಲಸಗಾರರಿಗೆ ಒಗ್ಗುವುದಿಲ್ಲ. ಫೀಲ್ಡಿನಲ್ಲಿ ಹುಲಿಯಂತೆ ಓಡಾಡಿದವರು ಡೈರೆಕ್ಟರ್ ಆದ ಮೇಲೂ ಪ್ರತಿ ಸಣ್ಣ ಕೆಲಸಕ್ಕೆ ತಾವೇ ಕೈ ಹಾಕಿ, ಕೆಳಗಿನ ಮ್ಯಾನೇಜರ್‌ಗಳನ್ನು ಬೆಳೆಯಲು ಬಿಡದೆ ದಣಿದದ್ದನ್ನು ಕಣ್ಣಾರೆ ಕಂಡಿದ್ದೇನೆ.

ನನಗೆ ಈ ಕೆಲಸ ಅರ್ಥವಾಗಿದ್ದು ಒಂದು ಹಾಜರಿ ಹಾಳೆಯಿಂದ. ಡೈರೆಕ್ಟರ್ ಆಗಿ ನಾಲ್ಕನೇ ತಿಂಗಳು. ಸಂಸ್ಥೆಯ ಹೆಸರು ಬೇಡ. ಒಂದು ತರಬೇತಿಯ ರಿಪೋರ್ಟ್ ಜೊತೆಗೆ ಹಾಜರಿ ಹಾಳೆ ಬಂದಿತ್ತು. ನಲವತ್ತು ಜನರ ಸಹಿ. ಸುಮ್ನೆ ಮಡಚಿ ಫೈಲಿಗೆ ಹಾಕಬೇಕಿತ್ತು, ಯಾಕೋ ಕಣ್ಣು ನಿಂತಿತು. ಇಪ್ಪತ್ತಾರನೇ ಸಹಿಯಿಂದ ಮುಂದಕ್ಕೆ ಎಲ್ಲ ಸಹಿಗಳೂ ಒಂದೇ ಕಡೆ ವಾಲಿದ್ದವು. ಒಂದೇ ನೀಲಿ ಪೆನ್ನು. ಸಾಲಿನ ಕೊನೆಯಲ್ಲಿ ಒಂದೇ ಥರದ ಸಣ್ಣ ಕೊಂಡಿ. ಆ ತರಬೇತಿ ನಡೆಸಿದ ಹುಡುಗನನ್ನು ಕರೆದು ಕೇಳಿದೆ. ತಲೆ ತಗ್ಗಿಸಿ ನಿಂತ. ಬಂದವರು ಇಪ್ಪತ್ತೈದೇ ಜನ. ಹಿಂದಿನ ಸಲ ಕಡಿಮೆ ಜನ ಬಂದಾಗ ಮೇಲಿನವರು ಎಲ್ಲರೆದುರು ಅವನನ್ನು ಬೈದಿದ್ದರಂತೆ. "ಈ ಸಲ ಬೈಗುಳ ಬೇಡ ಅಂತ ಮಾಡಿದೆ ಮೇಡಂ" ಅಂದ.

ತಪ್ಪು ಅವನದು, ಹೌದು. ಆದರೆ ಆ ಹದಿನೈದು ಸಹಿ ಹಾಕಿಸಿದ್ದು ನಮ್ಮ ಭಯದ ವಾತಾವರಣ. ಹಣ ಕೊಟ್ಟವರಿಗೆ ನಾನೇ ಪತ್ರ ಬರೆದೆ. ಇಪ್ಪತ್ತೈದು ಅಂತಲೇ ಬರೆದೆ, ಏನಾಯಿತು ಅನ್ನುವುದನ್ನೂ ಬರೆದೆ. ಎರಡು ವಾರ ನಿದ್ದೆ ಸರಿಯಾಗಿ ಬರಲಿಲ್ಲ. ಅವರು ಹಿಂದಿನ ಹಾಜರಿ ಹಾಳೆಗಳನ್ನೂ ತರಿಸಿಕೊಂಡು ನೋಡಿದರು, ಒಂದು ಕಂತು ತಡೆದರು, ಆಮೇಲೆ ಬಿಡುಗಡೆ ಮಾಡಿದರು. ಆ ಹುಡುಗ ಕೆಲಸದಲ್ಲಿ ಉಳಿದ. ಮುಂದಿನ ಸಲ ಹದಿನೆಂಟೇ ಜನ ಬಂದಾಗ ಅದೇ ಸಂಜೆ ಫೋನ್ ಮಾಡಿ ಹದಿನೆಂಟು ಅಂದ. ಯಾಕೆ ಬರಲಿಲ್ಲ ಅಂತಲೂ ವಿಚಾರಿಸಿಕೊಂಡು ಬಂದಿದ್ದ: ತರಬೇತಿಯ ಹೊತ್ತು ಹೆಂಗಸರ ಕೂಲಿ ಕೆಲಸದ ಹೊತ್ತಿಗೆ ಬಿದ್ದಿತ್ತು. ಹೊತ್ತು ಬದಲಿಸಿದೆವು, ಜನ ಬಂದರು. ಸುಳ್ಳು ಸಂಖ್ಯೆ ಬಂದಿದ್ದರೆ ಈ ವಿಷಯ ನಮಗೆ ಗೊತ್ತೇ ಆಗುತ್ತಿರಲಿಲ್ಲ, ಅಲ್ವಾ? ಕೆಟ್ಟ ಸುದ್ದಿ ತಂದವನನ್ನು ನೀನು ಮೊದಲ ಸಲ ಹೇಗೆ ಮಾತಾಡಿಸುತ್ತೀಯೋ, ಅದರ ಮೇಲೆ ಮುಂದಿನ ಎಲ್ಲ ರಿಪೋರ್ಟ್‌ಗಳ ಸತ್ಯ ನಿಂತಿದೆ.

ಲಾಗ್‌ಫ್ರೇಮ್, ಅಂದರೆ ಇಡೀ ಯೋಜನೆಯನ್ನು ಒಂದೇ ಪಟ್ಟಿಯಲ್ಲಿ ಬರೆದಿಡುವ ಕ್ರಮ, ನಿನಗೆ ಗೊತ್ತೇ ಇದೆ. 1969ರಲ್ಲಿ ಅಮೆರಿಕ ಸರಕಾರದ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಎಐಡಿಗಾಗಿ ರೂಪಿಸಿದ್ದು, ಈಗಲೂ ಬಹಳ ಕಡೆ ನಡೆಯುತ್ತಿದೆ. ನಾಲ್ಕು ಅಡ್ಡ ಸಾಲು, ನಾಲ್ಕು ಉದ್ದ ಸಾಲು. ಎಲ್ಲರೂ ಗುರಿ, ಸೂಚಕ, ಪುರಾವೆ ಅಂತ ಮೊದಲ ಮೂರು ಉದ್ದ ಸಾಲು ತುಂಬಿಸುವುದರಲ್ಲೇ ಸುಸ್ತಾಗುತ್ತಾರೆ. ನಾಲ್ಕನೆಯದು, ಅಸಂಪ್ಷನ್ಸ್ ಅನ್ನುವುದನ್ನು, ಅಂದರೆ ಹೀಗಾಗುತ್ತದೆ ಅಂತ ನಾವು ನಂಬಿಕೊಂಡದ್ದನ್ನು, ಹಿಂದಿನ ಅರ್ಜಿಯಿಂದ ಎತ್ತಿ ಅಂಟಿಸುತ್ತಾರೆ. ನೀನು ಅಲ್ಲಿಂದ ಓದಲು ಶುರು ಮಾಡು. "ತರಬೇತಿ ಪಡೆದ ಯುವಕರಿಗೆ ಕೆಲಸ ಕೊಡುವವರು ಸಿಗುತ್ತಾರೆ" ಅಂತ ಅಲ್ಲಿ ಒಂದು ಸಾಲು ಇದ್ದರೆ, ಇಡೀ ಪ್ರೋಗ್ರಾಂ ನಿಂತಿರುವುದು ಆ ಒಂದು ಸಾಲಿನ ಮೇಲೆ. ಕೆಲಸ ಕೊಡುವ ಹತ್ತು ಜನರ ಹತ್ತಿರ ಯಾರಾದರೂ ಹೋಗಿ ಮಾತಾಡಿದ್ದಾರಾ? ಇಲ್ಲ ಅಂದರೆ ನಾನೂರು ಜನರಿಗೆ ತರಬೇತಿ ಕೊಟ್ಟೆವು ಅಂತ ಬರೆಯಬಹುದು, ಎಷ್ಟು ಜನರ ಬದುಕು ಬದಲಾಯಿತು ಅಂತ ಬರೆಯಲು ಆಗುವುದಿಲ್ಲ. ಔಟ್‌ಪುಟ್, ಔಟ್‌ಕಮ್ ಅಂತ ಇಡೀ ದಿನ ಹೇಳುತ್ತೇವಲ್ಲ, ಮೊದಲನೆಯದು ಔಟ್‌ಪುಟ್, ಎರಡನೆಯದು ಔಟ್‌ಕಮ್, ವ್ಯತ್ಯಾಸ ಇಷ್ಟೇ.

ಇನ್ನು ಹಣ. ನಿನಗೆ ಲೆಕ್ಕ ಅಂದರೆ ಸ್ವಲ್ಪ ಭಯ ಅಂತ ನನಗೆ ಗೊತ್ತು. ಆ ಭಯ ಬಿಡಲೇಬೇಕು. ತಿಂಗಳಿಗೊಮ್ಮೆ ಫೈನಾನ್ಸ್‌ನವರ ಪಕ್ಕ ಕುರ್ಚಿ ಹಾಕಿಕೊಂಡು ಕೂತು, ಬಜೆಟ್ ಎಷ್ಟು, ಖರ್ಚು ಎಷ್ಟು ಅಂತ ಸಾಲು ಸಾಲು ನೋಡು. ಹನ್ನೆರಡು ತಿಂಗಳ ಪ್ರಾಜೆಕ್ಟ್, ಒಂಬತ್ತು ತಿಂಗಳು ಮುಗಿದಿದೆ, ಖರ್ಚು ಅರ್ಧವೂ ಆಗಿಲ್ಲ ಅಂದುಕೋ. ಬರ್ನ್ ರೇಟ್, ಅಂದರೆ ಹಣ ಖರ್ಚಾಗುವ ವೇಗ, ಕಡಿಮೆ ಅಂತ ಹೇಳಿ ಸುಮ್ಮನಾಗಬೇಡ. ಯಾಕೆ ಅಂತ ಕೇಳು. ಜನರನ್ನು ತೆಗೆದುಕೊಳ್ಳುವುದು ತಡವಾಯಿತಾ? ಸಾಮಾನು ಖರೀದಿ ಎಲ್ಲೋ ನಿಂತಿದೆಯಾ? ಅಥವಾ ಕೆಲಸ ಆಗಿದ್ದು ಬಿಲ್ ಮಾತ್ರ ಬಂದಿಲ್ಲವಾ? ಈ ಮೂರಕ್ಕೂ ಮದ್ದು ಬೇರೆ ಬೇರೆ. ನಿಜಕ್ಕೂ ಕೆಲಸ ಹಿಂದೆ ಬಿದ್ದಿದ್ದರೆ ನೋ ಕಾಸ್ಟ್ ಎಕ್ಸ್‌ಟೆನ್ಷನ್ ಕೇಳು, ಅಂದರೆ ಹೆಚ್ಚಿಗೆ ಹಣವಿಲ್ಲದೆ ಹೆಚ್ಚಿಗೆ ಸಮಯ. ಅದನ್ನು ಅವಧಿ ಮುಗಿಯುವ ಮೊದಲೇ, ಬರಹದಲ್ಲೇ ಕೇಳಬೇಕು. ಎಷ್ಟು ದಿನ ಮೊದಲು ಅಂತ ಒಪ್ಪಂದದಲ್ಲೇ ಇರುತ್ತದೆ. ಕೊನೆಯ ತಿಂಗಳಲ್ಲಿ ಲ್ಯಾಪ್‌ಟಾಪ್ ಕೊಂಡು, ಹೋಟೆಲಿನಲ್ಲಿ ವರ್ಕ್‌ಶಾಪ್ ಮಾಡಿ ಹಣ ಮುಗಿಸುವುದು ಬೇಡವೇ ಬೇಡ. ಅದು ಯಾರದೋ ಪಾಲಿಗೆ ಹೋಗಬೇಕಾದ ಹಣ.

ಈಗ ಕೆಲಸ ಹುಡುಕುವ ವಿಷಯಕ್ಕೆ ಬರುತ್ತೇನೆ. ಕಾಲ ಸುಲಭದ್ದಲ್ಲ. 2025ರ ಜನವರಿಯಲ್ಲಿ ಅಮೆರಿಕ ಸರಕಾರ ತನ್ನ ವಿದೇಶಿ ನೆರವನ್ನು ತಡೆಹಿಡಿಯಿತು. ಯುಎಸ್‌ಎಐಡಿಯ ಶೇ. 83ರಷ್ಟು ಕಾರ್ಯಕ್ರಮಗಳನ್ನು ರದ್ದು ಮಾಡುತ್ತೇವೆ ಅಂತ ಮಾರ್ಚ್‌ನಲ್ಲಿ ಹೇಳಿತು. ಜುಲೈ 1ಕ್ಕೆ ಆ ಸಂಸ್ಥೆಯ ಕೆಲಸವೇ ಮುಗಿಯಿತು, ಉಳಿದದ್ದು ವಿದೇಶಾಂಗ ಇಲಾಖೆಗೆ ಹೋಯಿತು. ಪ್ರಪಂಚದಾದ್ಯಂತ ಸಾವಿರಾರು ಜನ ಕೆಲಸ ಕಳೆದುಕೊಂಡರು. ಅವರಲ್ಲಿ ಇಪ್ಪತ್ತು ವರ್ಷ ಅನುಭವ ಇದ್ದವರೂ ಇದ್ದಾರೆ. ನೀನು ಹಾಕುವ ಹುದ್ದೆಗೇ ಅವರೂ ಅರ್ಜಿ ಹಾಕುತ್ತಾರೆ. ಹಾಗಾಗಿ ಎರಡು ಮೂರು ಕಡೆ ಇಲ್ಲ ಅನ್ನಿಸಿಕೊಂಡರೆ ನಿನ್ನಲ್ಲೇ ಏನೋ ಕೊರತೆ ಅಂತ ಕುಗ್ಗಬೇಡ. ಹಾಗೆಯೇ, ಸಿಗುವ ಕೆಲಸದ ಹಿಂದೆ ಒಬ್ಬರೇ ಹಣ ಕೊಡುವವರಿದ್ದಾರಾ, ನಾಲ್ಕು ಜನ ಇದ್ದಾರಾ ಅಂತ ನೋಡುವುದನ್ನು ಈಗಂತೂ ಮರೆಯಲೇಬೇಡ.

ಎಲ್ಲಿ ಹುಡುಕಬೇಕು ಅಂತ ಕೇಳಿದ್ದೀಯ. ನೆರವಿನ ಕೆಲಸಗಳಿಗೆ ರಿಲೀಫ್‌ವೆಬ್ ಅನ್ನುವ ವೆಬ್‌ಸೈಟ್ ನೋಡು, ವಿಶ್ವಸಂಸ್ಥೆಯವರು 1996ರಿಂದ ನಡೆಸುತ್ತಿದ್ದಾರೆ. ಐಡಿಯಲಿಸ್ಟ್, ಡೆವೆಕ್ಸ್ ಅನ್ನುವ ವೆಬ್‌ಸೈಟ್‌ಗಳನ್ನೂ ನೋಡು. ಅಲರ್ಟ್ ಹಾಕಿಕೊಳ್ಳುವಾಗ ಒಂದು ಸಣ್ಣ ವಿಷಯ ಗಮನಿಸು. 'ಪ್ರೋಗ್ರಾಂ' ಅನ್ನುವುದನ್ನು ಅಮೆರಿಕದವರು ಕೊನೆಗೆ ಒಂದೇ 'ಎಂ' ಹಾಕಿ ಬರೆಯುತ್ತಾರೆ. ಬ್ರಿಟನ್ನಿನವರು, ವಿಶ್ವಸಂಸ್ಥೆಯವರು ಎರಡು 'ಎಂ' ಹಾಕಿ ಕೊನೆಗೆ 'ಇ' ಸೇರಿಸುತ್ತಾರೆ. ಎರಡೂ ಸ್ಪೆಲ್ಲಿಂಗ್ ಹಾಕು. ಡೈರೆಕ್ಟರ್ ಆಫ್ ಪ್ರೋಗ್ರಾಮ್ಸ್, ಹೆಡ್ ಆಫ್ ಪ್ರೋಗ್ರಾಮ್ಸ್, ಚೀಫ್ ಪ್ರೋಗ್ರಾಂ ಆಫೀಸರ್ ಅಂತಲೂ ಹುಡುಕು. ರೇಡಿಯೋದವರಿಗೂ ವೈದ್ಯರ ತರಬೇತಿ ನಡೆಸುವವರಿಗೂ ಇದೇ ಹೆಸರಿನ ಹುದ್ದೆ ಇದೆ, ಅವೂ ಬಂದು ಬೀಳುತ್ತವೆ. ಆದರೆ ಜಾಹೀರಾತಿಗಿಂತ ಜಾಸ್ತಿ ಫಲ ಕೊಡುವುದು ಜನ. ನೀನು ಹಿಂದೆ ಜೊತೆಗೆ ಕೆಲಸ ಮಾಡಿದ ಪಾಲುದಾರ ಸಂಸ್ಥೆಯವರು, ಮೌಲ್ಯಮಾಪನಕ್ಕೆ ಬಂದು ಹೋದವರು, ಹಣ ಕೊಡುವ ಸಂಸ್ಥೆಗಳಲ್ಲಿ ನಿನ್ನ ರಿಪೋರ್ಟ್ ಓದಿದ ಗ್ರಾಂಟ್ ಆಫೀಸರ್‌ಗಳು. ಅವರಿಗೆ "ಕೆಲಸ ಕೊಡಿಸಿ" ಅಂತ ಬರೆಯಬೇಡ. "ಈ ಥರದ ಕೆಲಸ ಹುಡುಕುತ್ತಿದ್ದೇನೆ, ನಿಮ್ಮ ಅನುಭವದಲ್ಲಿ ಯಾವ ಸಂಸ್ಥೆ ಚೆನ್ನಾಗಿ ನಡೆಯುತ್ತಿದೆ?" ಅಂತ ಕೇಳು. ಇದಕ್ಕೆ ಜನ ಮನಸ್ಸು ಬಿಚ್ಚಿ ಉತ್ತರ ಕೊಡುತ್ತಾರೆ.

ನೀನು ಕಳಿಸಿದ ಸಿ.ವಿ. ನೋಡಿದೆ. ಬೇಜಾರು ಮಾಡಿಕೊಳ್ಳಬೇಡ, ಅದರಲ್ಲಿ ನೀನೇ ಕಾಣಿಸುವುದಿಲ್ಲ. "ಹಲವು ಯೋಜನೆಗಳ ನಿರ್ವಹಣೆ", "ವಿವಿಧ ಭಾಗೀದಾರರ ಜೊತೆ ಸಮನ್ವಯ" ಅಂತ ಬರೆದಿದ್ದೀಯ. ಇದನ್ನು ಯಾರು ಬೇಕಾದರೂ ಬರೆಯಬಹುದು. ಎಷ್ಟು ಹಣ ನಿನ್ನ ಕೈಯಲ್ಲಿತ್ತು, ಎಷ್ಟು ಜನ ನಿನ್ನ ಕೆಳಗಿದ್ದರು, ಶುರುವಿನಲ್ಲಿ ಹೇಗಿತ್ತು, ನೀನು ಬಿಟ್ಟಾಗ ಹೇಗಿತ್ತು, ಅದನ್ನು ಬರೆ. ಎರಡನೇ ವರ್ಷ ಒಂದು ಚಟುವಟಿಕೆ ಕೆಲಸಕ್ಕೆ ಬರುತ್ತಿಲ್ಲ ಅಂತ ನೀನೇ ನಿಲ್ಲಿಸಿ, ಫಂಡ್ ಕೊಟ್ಟವರನ್ನು ಒಪ್ಪಿಸಿ, ಆ ಹಣವನ್ನು ಬೇರೆ ಕಡೆ ತಿರುಗಿಸಿದ್ದೆಯಲ್ಲ? ಆ ದಿನ ಫೋನಿನಲ್ಲಿ ನನಗೆ ಅಷ್ಟು ಹೆಮ್ಮೆಯಿಂದ ಹೇಳಿದ್ದೆ. ಸಿ.ವಿ.ಯಲ್ಲಿ ಅದರ ಸುಳಿವೇ ಇಲ್ಲ. ಡೈರೆಕ್ಟರ್ ಬೇಕಾದವರು ಹುಡುಕುವುದು ಅಂಥದ್ದನ್ನೇ.

ಅರ್ಜಿ ಹಾಕುವ ಮೊದಲು ಸಂಸ್ಥೆಯ ಲೆಕ್ಕಪತ್ರ ಓದು. ಅಮೆರಿಕದ ಸಂಸ್ಥೆಯಾದರೆ ಫಾರ್ಮ್ 990, ಅಂದರೆ ಅವರು ತೆರಿಗೆ ಇಲಾಖೆಗೆ ಪ್ರತಿ ವರ್ಷ ಕೊಡುವ ಲೆಕ್ಕ, ಎಲ್ಲರಿಗೂ ಸಿಗುತ್ತದೆ. ಆದಾಯ ಎಷ್ಟು, ಕಾರ್ಯಕ್ರಮಕ್ಕೆ ಎಷ್ಟು ಹೋಯಿತು, ಮೇಲಿನವರ ಸಂಬಳ ಎಷ್ಟು, ಎಲ್ಲ ಅದರಲ್ಲಿದೆ. ಇಂಗ್ಲೆಂಡಿನದಾದರೆ, ಅಲ್ಲಿನ ದತ್ತಿ ಸಂಸ್ಥೆಗಳ ಮೇಲೆ ಕಣ್ಣಿಡುವ ಚಾರಿಟಿ ಕಮಿಷನ್ನಿನ ರಿಜಿಸ್ಟರ್ ನೋಡು. ಮೂರು ವರ್ಷದ ಲೆಕ್ಕ ಪಕ್ಕ ಪಕ್ಕ ಇಟ್ಟು ನೋಡಿದರೆ ಆ ಮನೆ ಏಳುತ್ತಿದೆಯೋ ಇಳಿಯುತ್ತಿದೆಯೋ ಗೊತ್ತಾಗುತ್ತದೆ. ಸಂಬಳದ ಮಾತಿಗೂ ಆಧಾರ ಸಿಗುತ್ತದೆ.

ಇಂಟರ್‌ವ್ಯೂನಲ್ಲಿ ಕೊನೆಗೆ "ನಿಮ್ಮದೇನಾದರೂ ಪ್ರಶ್ನೆ ಇದೆಯಾ?" ಅಂತ ಕೇಳುತ್ತಾರಲ್ಲ, ಅಲ್ಲಿ ನಾಚಿಕೊಳ್ಳಬೇಡ. ನಾನು ನಾಚಿಕೊಂಡೆ, ಅದೇ ನನ್ನ ತಪ್ಪು. ಡೈರೆಕ್ಟರ್ ಅನ್ನುವ ಹೆಸರಿಗೆ ಮರುಳಾಗಿ ಸೇರಿದ ಒಂದು ಕಡೆ, ಒಬ್ಬ ಡ್ರೈವರನ್ನು ತೆಗೆದುಕೊಳ್ಳಲೂ ನನ್ನ ಸಹಿಗೆ ಬೆಲೆ ಇರಲಿಲ್ಲ. ತಪ್ಪಾದರೆ ಹೊಣೆ ನನ್ನದು, ತೀರ್ಮಾನ ಮಾತ್ರ ಇನ್ಯಾರದೋ. ಹನ್ನೊಂದು ತಿಂಗಳಿಗೆ ಬಿಟ್ಟು ಬಂದೆ. ಆಮೇಲೆ ತಿಳಿಯಿತು, ನನಗಿಂತ ಮೊದಲು ಇಬ್ಬರು ಹೀಗೇ ಬಿಟ್ಟು ಹೋಗಿದ್ದರು. ಒಂದು ಮಾತು ಕೇಳಿದ್ದರೆ ಆ ಒಂದು ವರ್ಷ ಉಳಿಯುತ್ತಿತ್ತು.

ನೀನು ಕೇಳು. ಈ ಜಾಗದಲ್ಲಿ ಹಿಂದೆ ಯಾರಿದ್ದರು, ಎಷ್ಟು ದಿನ ಇದ್ದರು, ಯಾಕೆ ಬಿಟ್ಟರು? ನನ್ನ ಸಂಬಳ ಯಾವ ಗ್ರಾಂಟಿನಿಂದ ಬರುತ್ತದೆ, ಅದು ಯಾವಾಗ ಮುಗಿಯುತ್ತದೆ? ಎಷ್ಟು ಮೊತ್ತದವರೆಗೆ ನನ್ನ ಸಹಿ ನಡೆಯುತ್ತದೆ? ಜನರನ್ನು ತೆಗೆದುಕೊಳ್ಳುವ ಮಾತಿನಲ್ಲಿ ನನ್ನ ಮಾತು ಕೊನೆಯದಾ, ಸಲಹೆ ಮಾತ್ರವಾ? ಕಳೆದ ಮೌಲ್ಯಮಾಪನದಲ್ಲಿ ಏನು ಹೇಳಿದರು, ಅದಾದ ಮೇಲೆ ನೀವು ಏನು ಬದಲಿಸಿದಿರಿ? ಈ ಕೊನೆಯ ಪ್ರಶ್ನೆಗೆ ಅವರ ಮುಖ ನೋಡು. ಯೋಚಿಸಿ, "ಇದು ಸರಿಹೋಗಲಿಲ್ಲ, ಹೀಗೆ ತಿದ್ದಿಕೊಂಡೆವು" ಅಂದರೆ ಅಲ್ಲಿ ಬದುಕಬಹುದು. "ಎಲ್ಲ ಚೆನ್ನಾಗಿತ್ತು" ಅಂದರೆ ರಿಪೋರ್ಟ್ ಇನ್ನೂ ಕಪಾಟಿನಲ್ಲೇ ಇದೆ ಅಂತ ಅರ್ಥ.

ಕೆಲಸ ಸಿಕ್ಕ ಮೇಲೆ ಮೊದಲ ಮೂರು ತಿಂಗಳು ಏನನ್ನೂ ಕೆಡವಬೇಡ. ಎಲ್ಲ ಒಪ್ಪಂದಗಳನ್ನು ಪೂರ್ತಿ ಓದು, ಫೀಲ್ಡಿಗೆ ಹೋಗು, ಜನ ಊಟಕ್ಕೆ ಕೂತಾಗ ಜೊತೆಗೆ ಕೂರು. ಉಳಿದದ್ದು ತಾನಾಗಿ ಕಾಣಿಸುತ್ತದೆ.

ಸಿ.ವಿ. ತಿದ್ದಿ ಬುಧವಾರದೊಳಗೆ ಕಳಿಸು, ನಾನು ಪೆನ್ನು ಹಿಡಿದು ಓದುತ್ತೇನೆ. ನೀನು ಅರ್ಜಿ ಹಾಕಬೇಕು ಅಂದುಕೊಂಡಿರುವ ಎರಡು ಸಂಸ್ಥೆಗಳ ಜಾಬ್ ಡಿಸ್ಕ್ರಿಪ್ಷನ್ ಕೂಡ ಕಳಿಸು. ಶನಿವಾರ ಸಂಜೆ ಫೋನ್ ಮಾಡು. ಇಂಟರ್‌ವ್ಯೂ ತೆಗೆದುಕೊಳ್ಳುವವಳ ಜಾಗದಲ್ಲಿ ನಾನು ಕೂರುತ್ತೇನೆ, ಮೇಲಿನ ಪ್ರಶ್ನೆಗಳನ್ನೆಲ್ಲ ನೀನು ನನಗೆ ಗಟ್ಟಿಯಾಗಿ ಕೇಳಬೇಕು.

ಇಂತಿ ನಿನ್ನ ಪ್ರೀತಿಯ,
ದೊಡ್ಡಮ್ಮ